ಹೊಸಹಳ್ಳಿ ಕೆರೆಯ ಆಮೆಯೂ ನಮ್ಮ ಪುಷ್ಪಲತಾ ಮೇಡಮ್ಮೂ

ದಯವಿಟ್ಟು ಇದೊಂದನ್ನು ಪೂರ್ತಿ ಕೇಳಿ. ಹಾರ, ಶಾಲು ಆಮೇಲೆ. ಆಮೆ, ಬಸವನಹುಳುಗಳ ಮೈಯೊಳಗೆ ಬದುಕುವ ಪರಾವಲಂಬಿ ಹುಳುಗಳನ್ನು ನಮ್ಮ ಐದು ತಾಲ್ಲೂಕುಗಳ ಕೆರೆಗಳಲ್ಲಿ ಹುಡುಕಿ, ಗುರುತಿಸಿ, ಕೊನೆಗೆ ಅವುಗಳ ಡಿಎನ್‌ಎಯನ್ನೂ ಓದಿಸಿದ ಪ್ರಾಣಿಶಾಸ್ತ್ರದ ಅಧ್ಯಾಪಕಿ ಶ್ರೀಮತಿ ಪುಷ್ಪಲತಾ ಅವರು ಈ ವರ್ಷ, 2007ರಲ್ಲಿ, ನಿವೃತ್ತರಾಗುತ್ತಿದ್ದಾರೆ. ಅವರ ವಿದ್ಯಾರ್ಥಿ ಎಂದು ಹೇಳಿಕೊಳ್ಳುವಾಗ ಇಂದಿಗೂ ನಾನು ಒಂದು ಗೇಣು ಎತ್ತರವಾಗುತ್ತೇನೆ.

ತೊಂಬತ್ತರ ದಶಕದ ಆರಂಭದಲ್ಲಿ ಹಗರಿಬೊಮ್ಮನಹಳ್ಳಿಯ ಕಾಲೇಜಿಗೆ ಬಂದ ಮೇಡಂ, ಹಡಗಲಿಗೂ ಹರಪನಹಳ್ಳಿಗೂ ಬಸ್ಸಿನಲ್ಲೇ ಓಡಾಡಿ ಬಸವನಹುಳುಗಳನ್ನು ಟಿಫನ್ ಡಬ್ಬಿಯಲ್ಲಿ ತರುತ್ತಿದ್ದರು. ಊಟದ ಡಬ್ಬಿ ಯಾವುದು, ಹುಳುವಿನ ಡಬ್ಬಿ ಯಾವುದು ಎಂಬುದು ಕಂಡಕ್ಟರಿಗೂ ಗೊತ್ತಿತ್ತು. ಬಸ್ಸು ತಪ್ಪಿದ ತೆಲಿಗಿಯ ಹುಡುಗಿಯರಿಗೆ ತಮ್ಮ ಮನೆಯಲ್ಲೇ ಊಟ ಬಡಿಸಿ, ಹಾಸಿಗೆ ಹಾಸಿಕೊಟ್ಟವರೂ ಅವರೇ.

2003ರಲ್ಲಿ ಹೊಸಹಳ್ಳಿ ಕೆರೆಯ ದಡದಲ್ಲಿ ಮೇಯುತ್ತಿದ್ದ ಕುರಿಗಳು ಸಾಯತೊಡಗಿದವು. ಸತ್ತ ಕುರಿಗಳ ಯಕೃತ್ತಿನಲ್ಲಿ ಹುಳುಗಳಿದ್ದವು. ನಾಯಿ ಹರಿದ ಆಮೆಯೊಂದರಲ್ಲೂ ಹುಳು ಕಂಡಿತು. ಆಮೆಗಳೇ ರೋಗದ ಮೂಲವೆಂದು ಊರು ತೀರ್ಮಾನಿಸಿತು, ಏರಿಯ ಮೇಲೆ ಬಲೆಗಳು ಸಿದ್ಧವಾದವು. ಮೇಡಂ ಧಾವಿಸಿ, ಕುರಿಗೆ ಹುಳು ಬರುವುದು ಬಸವನಹುಳುವಿನಿಂದ, ಆಮೆಯದು ಬೇರೆಯೇ ಹುಳುವೆಂದು ಡಿಎನ್‌ಎಯಿಂದ ತೋರಿಸುವೆನೆಂದು ಕಾಲಾವಕಾಶ ಕೇಳಿಕೊಂಡರು. ಆದರೆ ಬೆಂಗಳೂರಿನ ಪ್ರಯೋಗಾಲಯದ ಉತ್ತರ ಎದೆಗುಂದಿಸುವಂತಿತ್ತು. ಗುರುಗಳು ಕಲಿಸಿದಂತೆ ಮೇಡಂ ಪ್ರತಿ ಹುಳುವನ್ನೂ ಫಾರ್ಮಲಿನ್‌ನಲ್ಲಿಟ್ಟಿದ್ದರು. ಅದು ಆಕಾರವನ್ನು ಉಳಿಸಿ ಡಿಎನ್‌ಎಯನ್ನು ಕೆಡಿಸುತ್ತದೆ. ಕಪಾಟಿನ ತುಂಬ ಸೀಸೆಗಳು, ಸಾಕ್ಷಿ ಹೇಳಬಲ್ಲದ್ದು ಒಂದೂ ಇಲ್ಲ.

ಕುರಿಯ ಹುಳು, ಬಸವನಹುಳುವಿನೊಳಗಿನ ಮರಿಹುಳು ಹೊಸದಾಗಿ ಸಿಕ್ಕವು, ಡಿಎನ್‌ಎ ಕೆಡಿಸದ ಸ್ಪಿರಿಟ್ಟಿಗೆ ಸೇರಿದವು. ಆಮೆಯ ಹುಳುವಷ್ಟೇ ಬಾಕಿ. ಕುರಿ ಕಳೆದುಕೊಂಡ ಮೈಲಪ್ಪನವರು ಜೀವಂತ ಆಮೆಯೊಂದನ್ನು ತಂದು ಮುಂದಿಟ್ಟರು.

“ಇದೊಂದನ್ನ ಕೊಯ್ದು ನೋಡ್ರಿ ಮೇಡಂ. ಒಂದು ಹೋದ್ರ ಉಳದಾವು ಬದುಕ್ತಾವು.”

“ಹುಳ ಮೊಟ್ಟಿ ಇಡ್ತಾವ ಮೈಲಪ್ಪ, ಆಮಿ ಲದ್ದಿಯಾಗ ಹೊರಗ ಬರ್ತಾವು. ಅಲ್ಲೀತನ ತಡಕೊಳ್ರಿ, ಕುರಿಗೆ ಬೋರಿನ ನೀರು ಕುಡಸ್ರಿ, ದಂಡಿಗೆ ಬಿಡಬ್ಯಾಡ್ರಿ.”

“ಅಂದ್ರ ಆಮಿ ಹೇಲೂತನ ಊರು ಕಾಯಬೇಕಂತೀರಿ.”

ಎಲ್ಲರೂ ನಕ್ಕರು, ಮೇಡಂ ನಗಲಿಲ್ಲ. ಆಮೆ ಅವರ ಮನೆಯ ಬಟ್ಟೆ ಒಗೆಯುವ ತೊಟ್ಟಿ ಸೇರಿತು. ಮುನಿಸಿಕೊಂಡು ತಿನ್ನುವುದನ್ನೇ ಬಿಟ್ಟಿತು. ಮೊದಲೇ ರೋಗ ಹತ್ತಿದ್ದ ಕುರಿಗಳು ಸಾಯುತ್ತಲೇ ಇದ್ದವು, ಒಂದೊಂದು ಸಾವಿಗೂ ಊರಿನ ತಾಳ್ಮೆ ಕರಗುತ್ತಿತ್ತು. ಕೊಯ್ದುಬಿಡಿ ಎಂದು ನಾವೂ ಬೇಡಿಕೊಂಡೆವು. ಅವರು ಮೊಟ್ಟೆಗಾಗಿ ತೊಟ್ಟಿಯ ನೀರು ಸೋಸುತ್ತ ಕೂತರು.

ಕೊನೆಗೂ ಮೊಟ್ಟೆಗಳು ಸಿಕ್ಕವು. ಫಲಿತಾಂಶವೂ ಬಂತು: ಬಸವನಹುಳುವಿನ ಮರಿಹುಳುವೂ ಕುರಿಯ ಹುಳುವೂ ಒಂದೇ ಜಾತಿ, ಆಮೆಯದು ಬೇರೆಯೇ. ಬಲೆಗಳು ಮನೆ ಸೇರಿದವು. ತೊಟ್ಟಿಯ ಆಮೆಯನ್ನು ಕೆರೆಗೆ ಬಿಟ್ಟುಬಂದವರು ಮೈಲಪ್ಪನವರೇ.

ಬರಿಗಣ್ಣಿಗೆ ಕಾಣದ ಮೊಟ್ಟೆಯೊಂದು ಕೆರೆತುಂಬ ಜೀವ ಉಳಿಸಿದ್ದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಮೇಡಂ ಆಯುರಾರೋಗ್ಯದಿಂದಿರಲಿ, ಕೊಟ್ಟೂರಿನ ಕೆರೆಯ ಬಸವನಹುಳುಗಳು ಇನ್ನೂ ಅವರಿಗಾಗಿ ಕಾದಿವೆ. ನಿಮ್ಮಲ್ಲಿ ಒಂದೇ ಪ್ರಶ್ನೆ. ಏರಿಯ ಮೇಲೆ ಬಲೆ, ತೊಟ್ಟಿಯಲ್ಲಿ ಉಪವಾಸ ಕೂತ ಒಂದೇ ಒಂದು ಆಮೆ, ಕೈಗೆಟುಕುವಲ್ಲಿ ಕತ್ತರಿ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?