ಸುರ್ಕಿ ಹಾಕಿ ಮುಚ್ಚಿದ ಗಚ್ಚು

ನನ್ನ ತಮ್ಮ ಕಟ್ಟಿದ ಕಮಾನು ಬಿದ್ದದ್ದು ನನ್ನಿಂದ. ಇದನ್ನು ಹೇಳಲು ನನಗೆ ಆರು ವರ್ಷ ಹಿಡಿಯಿತು.

ನಾನು ಐದನೇ ಇಯತ್ತೆಯವರೆಗೆ ಕನ್ನಡ ಶಾಲೆಗೆ ಹೋದವಳು. ಆಮೇಲೆ ಅವ್ವ ಸತ್ತಳು, ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದೆ. ಅವನು ಕಲ್ಲು ಕೆಲಸ ಕಲಿತ, ನಾನು ಅವನಿಗೆ ಕಲ್ಲು ಕೂಡಿಸುವ ಗಚ್ಚು ಕಲಸಿದೆ. ಇಪ್ಪತ್ತು ವರ್ಷ ನಮ್ಮಿಬ್ಬರದು ಅದೇ ಬದುಕು. ಅವನ ಮದುವೆಯಾದ ಮೇಲೂ ಹೆಂಡತಿ ತನ್ನ ಊರಲ್ಲೇ ಹೊಲ ನೋಡಿಕೊಂಡಿದ್ದಳು, ಕೆಲಸದ ಕಡೆ ನಾವಿಬ್ಬರೇ. ಈಗ ನಾನು ತಾಂಡೂರಿನಲ್ಲಿ, ಸ್ಟೇಷನ್ನಿನ ಹಿಂದಿನ ಒಂದು ಖೋಲಿಯಲ್ಲಿ ಇರುತ್ತೇನೆ. ಕಲ್ಲು ಪಾಲಿಶ್ ಮಾಡುವ ಕಡೆ ಫರಸಿ ಚಪ್ಪಡಿ ತೊಳೆಯುವ ಕೆಲಸ. ಮಿಷನ್ನಿನ ಸದ್ದಿನಲ್ಲಿ ಯಾರೂ ಯಾರೊಡನೆಯೂ ಮಾತಾಡುವುದಿಲ್ಲ. ರಜೆಯ ದಿನ ಮಾತ್ರ ಕಷ್ಟ. ಒಬ್ಬಳಿಗೆ ಎಷ್ಟು ಅಡಿಗೆ ಬೇಕೆಂಬುದು ನನ್ನ ಕೈಗೆ ಇನ್ನೂ ತಿಳಿದಿಲ್ಲ. ಇಬ್ಬರಿಗಾಗುವಷ್ಟು ಬೇಳೆ ಬೇಯಿಸಿ ಸಂಜೆಗೂ ಅದನ್ನೇ ಉಣ್ಣುತ್ತೇನೆ.

ಆ ಕೆಲಸ ಜಹೀರಾಬಾದಿನ ಹೊರಗೆ, ಕೊಹೀರ್ ಕಡೆ ಹೋಗುವ ದಾರಿಯಲ್ಲಿ ಇತ್ತು. ಒಂದು ಸಣ್ಣ ಚರ್ಚು. ಅಲ್ಲಿನ ಫಾದರ್ ಬೀದರ್ ಸೀಮೆಯವರು, ವಯಸ್ಸಾದವರು. ಯುರೋಪಿನಲ್ಲಿ ನೂರಾರು ವರ್ಷ ಹಿಂದೆ ಕಟ್ಟಿದ ಚರ್ಚುಗಳ ಚಿತ್ರ ಇದ್ದ ದಪ್ಪ ಪುಸ್ತಕವೊಂದು ಅವರ ಹತ್ತಿರ ಇತ್ತು. ಆ ದೊಡ್ಡ ಚರ್ಚುಗಳ ರೀತಿಯಲ್ಲೇ, ಸಣ್ಣದಾದರೂ ಸರಿ, ಕಬ್ಬಿಣವಿಲ್ಲದೆ ಬರೀ ಕಲ್ಲು ಸುಣ್ಣದಲ್ಲಿ ಛಾವಣಿ ಆಗಬೇಕು ಎಂಬುದು ಅವರ ಆಸೆ. ಮೂವರು ಮೇಸ್ತ್ರಿಗಳು ಪುಸ್ತಕ ನೋಡಿ ಕೈಮುಗಿದು ಹೋಗಿದ್ದರು. ನನ್ನ ತಮ್ಮ ಮಾತ್ರ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಅವನಿಗೆ ಓದಲು ಬರುತ್ತಿರಲಿಲ್ಲ, ಚಿತ್ರ ನೋಡಿದ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಫಾದರ್ ಬಂದು ಕೂತು ಒಂದೊಂದೇ ಚಿತ್ರ ತೋರಿಸುತ್ತಿದ್ದರು. ಮೊದಮೊದಲು ಅಲ್ಲಿಯೂ ಕಟ್ಟಿಗೆಯ ಛಾವಣಿಯೇ ಇತ್ತಂತೆ, ಬೆಂಕಿ ಬಿದ್ದು ಸುಟ್ಟುಹೋಗುತ್ತಿತ್ತಂತೆ. ಆಮೇಲೆ ಕಲ್ಲಿನ ಛಾವಣಿ ಮಾಡಿದರು. ಕಮಾನು ಅರ್ಧ ಚಂದ್ರನ ಹಾಗೆ ದುಂಡಗೆ ಇತ್ತು, ಅದರ ಒತ್ತಡ ಗೋಡೆಯನ್ನು ಹೊರಗೆ ತಳ್ಳುತ್ತಿತ್ತು. ಅದಕ್ಕೆ ಗೋಡೆ ಆಳುದ್ದ ದಪ್ಪ, ಕಿಟಕಿ ಗೂಡಿನಷ್ಟು, ಒಳಗೆ ಕತ್ತಲು.

"ಹಂಗಾದ್ರ ಈ ಚಿತ್ರದಾಗ ಇಷ್ಟು ದೊಡ್ಡ ಕಿಟಕಿ ಹೆಂಗ ಇಟ್ರು?" ತಮ್ಮ ಕೇಳಿದ.

ಫಾದರ್ ಉತ್ತರ ಹೇಳುವ ಬದಲು ನಮ್ಮಿಬ್ಬರನ್ನೂ ನಿಲ್ಲಿಸಿದರು. ಎದುರುಬದುರು ನಿಂತು, ಅಂಗೈಗೆ ಅಂಗೈ ಕೊಟ್ಟು, ಒಬ್ಬರ ಮೇಲೊಬ್ಬರು ವಾಲಬೇಕು. ಕಾಲು ದೂರ ಇಟ್ಟರೆ ಹಿಂದಕ್ಕೆ ಜಾರುತ್ತಿದ್ದವು. ಕಾಲು ಹತ್ತಿರ ಇಟ್ಟು, ಕೈ ಮೇಲೆತ್ತಿ ಚೂಪಾಗಿ ನಿಂತರೆ ಭಾರ ಕೆಳಗೆ ಇಳಿಯುತ್ತಿತ್ತು.

"ದುಂಡು ಕಮಾನು ಬಿಟ್ಟು ಚೂಪು ಕಮಾನು ಹಿಡಿದದ್ದು ಇದಕ್ಕ," ಅಂದರು ಫಾದರ್. ನಂತರ ಕೂಲಿಯ ಇಬ್ಬರು ಹೆಂಗಸರನ್ನು ಕರೆದು ನಮ್ಮ ಬೆನ್ನಿಗೆ ಕೈ ಕೊಡಿಸಿದರು. "ಇವರು ಹೊರಗಿನ ಆಸರೆ ಕಮಾನು. ಹಿಂಗ ಒಬ್ಬರು ಹೊರಗಿಂದ ಹಿಡಿದ್ರ ಗೋಡೆ ತೆಳ್ಳಗ ಆದ್ರೂ ನಡಿತದ, ಕಿಟಕಿ ಎಷ್ಟು ಬೇಕಾದ್ರೂ ದೊಡ್ಡದು ಇಡಬಹುದು."

"ಅಕ್ಕನ ಭಾರ ತಡಿಯಾಕ ಇನ್ನಿಬ್ಬರು ಬೇಕ್ರಿ," ಅಂದ ತಮ್ಮ. ನನ್ನ ಬೆನ್ನು ಹಿಡಿದಿದ್ದ ಹೆಂಗಸು ನಕ್ಕು ಕೈ ಬಿಟ್ಟಳು. ನಾವಿಬ್ಬರೂ ಮರಳಿನ ಮೇಲೆ ಕುಸಿದೆವು.

ಗೋಡೆಗೆ ನಮ್ಮ ಕಡೆಯ ಕೆಂಪು ಕಲ್ಲು. ಛಾವಣಿಗೆ ತಾಂಡೂರಿನ ಕಲ್ಲು. ಮೊದಲು ಮೂಲೆಯಿಂದ ಮೂಲೆಗೆ ಅಡ್ಡ ಹಾಯುವ ಎರಡು ಚೂಪು ಕಮಾನು ಎಬ್ಬಿಸಬೇಕು, ಅವು ಎಲುಬು ಇದ್ದಂತೆ. ಆ ಎಲುಬುಗಳ ನಡುವೆ ತೆಳು ಫರಸಿ ತುಂಬಬೇಕು. ಹಳೆಯ ಕಾಲದವರು ಹಾಗೇ ಮಾಡುತ್ತಿದ್ದರಂತೆ. ಇಡೀ ಛಾವಣಿಗೆ ಕಟ್ಟಿಗೆ ಜೋಡಿಸುವ ಬದಲು ಎಲುಬಿಗಷ್ಟೇ ಕೆಳಗಿನಿಂದ ಆಸರೆಯ ಸೆಂಟ್ರಿಂಗ್ ನಿಲ್ಲಿಸಿ, ಒಂದು ಅಂಕಣ ಮುಗಿದ ಮೇಲೆ ಅದನ್ನೇ ಮುಂದಿನ ಅಂಕಣಕ್ಕೆ ಸರಿಸುತ್ತಿದ್ದರು. ತಮ್ಮ ತಗಡಿನಲ್ಲಿ ಒಂದು ಅಚ್ಚು ಕತ್ತರಿಸಿಕೊಂಡು ಪ್ರತಿ ಕಲ್ಲನ್ನೂ ಅದಕ್ಕೆ ಹಿಡಿದು ನೋಡುತ್ತಿದ್ದ. ಅಚ್ಚಿಗೆ ಹೊಂದದ ಕಲ್ಲನ್ನು ಎಷ್ಟೇ ಚೆನ್ನಾಗಿದ್ದರೂ ಎತ್ತಿ ಬದಿಗಿಡುತ್ತಿದ್ದ.

ಗಚ್ಚು ನನ್ನದು. ಸುಣ್ಣವನ್ನು ಗುಂಡಿಯಲ್ಲಿ ನೆನೆಹಾಕಿ, ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ, ಅರೆದು, ಮೇಲೆ ಹಸಿ ಗೋಣಿ ಹೊದಿಸಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸಿ ಇಡಬೇಕು. ಸಿಮೆಂಟಿಗೂ ಸುಣ್ಣಕ್ಕೂ ಇರುವ ಫರಕು ತಮ್ಮನೇ ಫಾದರ್‌ಗೆ ಹೇಳಿದ್ದ.

"ಸಿಮೆಂಟು ಒಂದೇ ದಿನದಾಗ ಬಿಗಿ ಆಗಿಬಿಡ್ತದ್ರಿ. ಸುಣ್ಣ ಹಂಗಲ್ಲ, ಕಲ್ಲು ಕುಂಡ್ರತನಕ ತಡಿತದ. ಸೆಂಟ್ರಿಂಗ್ ಸಡಿಲ ಮಾಡ್ದಾಗ ಕಮಾನು ಜರಾ ಇಳಿಬೇಕು, ಇಳಿಯಾಕ ಸುಣ್ಣ ಬಿಡ್ತದ."

ಫಾದರ್‌ಗೆ ಖುಷಿಯಾಯಿತು. ಯುರೋಪಿನ ಹಳೆಯ ಮೇಸ್ತ್ರಿಗಳೂ ಅದನ್ನೇ ನಂಬಿದ್ದರಂತೆ. ಚಳಿಗಾಲ ಬಂದರೆ ಸುಣ್ಣ ಹೆಪ್ಪುಗಟ್ಟಿ ಕೆಡುತ್ತದೆಂದು ಗೋಡೆಯ ತಲೆಗೆ ಹುಲ್ಲು, ಸೆಗಣಿ ಮುಚ್ಚಿ, ಬಿಸಿಲು ಬರುವತನಕ ಕೆಲಸ ನಿಲ್ಲಿಸುತ್ತಿದ್ದರಂತೆ.

"ನಮ್ಮಕ್ಕಂದು ಉಲ್ಟಾ ಅದ್ರಿ. ಬಿಸಿಲಿಗೆ ಅಂಜಿ ಗೋಣಿ ಹೊದಿಸ್ತಾಳ," ಅಂದ ತಮ್ಮ.

ಮೊದಲ ಎಲುಬಿನ ಒಂದು ಕಾಲು, ದೇವರ ಮೇಜಿನ ಕಡೆಯ ಅರ್ಧ, ನೆತ್ತಿಯತನಕ ಏರಿತು. ಬಾಗಿಲ ಕಡೆಯ ಕಾಲು ಇನ್ನೂ ಬಾಕಿ. ಅಷ್ಟರಲ್ಲಿ ನಾರಾಯಣಖೇಡದಲ್ಲಿ ನಮ್ಮ ಸೋದರಮಾವನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ತಮ್ಮ ಕಲ್ಲು ತರಲು ತಾಂಡೂರಿಗೆ ಹೋಗಿದ್ದ. ಒಂದು ದಿನಕ್ಕೆಂದು ಹೋದ ನಾನು ಮೂರು ದಿನ ಉಳಿದೆ. ನನ್ನನ್ನು ಯಾರೂ ಹಿಡಿದು ನಿಲ್ಲಿಸಿರಲಿಲ್ಲ. ಎಷ್ಟೋ ವರ್ಷದ ಮೇಲೆ ಹೆಂಗಸರ ನಡುವೆ ಕೂತು ಹಾಡು ಹೇಳಿದ್ದೆ, ಏಳಲು ಮನಸ್ಸಾಗಲಿಲ್ಲ. ಗೋಣಿಗೆ ನೀರು ಹಾಕಲು ಯಾರಿಗೂ ಹೇಳಿರಲಿಲ್ಲ.

ತಿರುಗಿ ಬಂದಾಗ ಗೋಣಿ ರೊಟ್ಟಿಯ ಹಾಗೆ ಒಣಗಿತ್ತು. ಕೆಳಗೆ ಸುಣ್ಣ ಹೆಂಟೆ ಕಟ್ಟಿತ್ತು. ಮತ್ತೆ ನೆನೆಹಾಕಿ ಹದಕ್ಕೆ ತರಬೇಕೆಂದರೆ ಎರಡು ವಾರ ಬೇಕು. ಮರುದಿನ ಬೆಳಿಗ್ಗೆ ತಮ್ಮ ಕಲ್ಲಿನ ಗಾಡಿಯೊಡನೆ ಬರುವವನಿದ್ದ. ಅವನು ಬೈಯುವವನಲ್ಲ. 'ಹೋಗಲಿ ಬಿಡಕ್ಕಾ' ಅಂದುಬಿಡುತ್ತಿದ್ದ. ಹಾಗೆ ಅನ್ನಿಸಿಕೊಳ್ಳುವುದೇ ನನಗೆ ಬೇಡವಾಗಿತ್ತು. ಇಪ್ಪತ್ತು ವರ್ಷದಲ್ಲಿ ನನ್ನ ಗಚ್ಚು ಒಮ್ಮೆಯೂ ಕೆಟ್ಟಿರಲಿಲ್ಲ.

ಪೇಟೆಗೆ ಹೋಗಿ ಎರಡು ಚೀಲ ಸಿಮೆಂಟು ತಂದೆ. ಹೆಂಟೆಯನ್ನು ಪುಡಿ ಮಾಡಿ ಅದರಲ್ಲಿ ಕಲಸಿದೆ. ಬಣ್ಣ ಬೂದಿಯ ಹಾಗಾಯಿತು. ತಮ್ಮನಿಗೆ ಬಣ್ಣ ನೋಡಿದರೆ ತಿಳಿಯುತ್ತದೆ. ಅದಕ್ಕೇ ಸುರ್ಕಿ, ಎಂದರೆ ಇಟ್ಟಿಗೆಯ ಪುಡಿ, ಬುಟ್ಟಿಗಟ್ಟಲೆ ಸುರಿದು ಕೆಂಪು ಮಾಡಿದೆ.

"ಇದೇನಕ್ಕಾ, ಇವತ್ತು ಕೆಂಪಗ ಅದ?"

"ಸುರ್ಕಿ ಹಾಕೀನಿ. ನೀರು ತಡಿತದ."

"ಕಲಸಾಕಿ ನೀ. ನಾ ಏನ್ ಕೇಳ್ಲಿ," ಅಂದು ನಕ್ಕು ಕಲ್ಲು ಇಡತೊಡಗಿದ. ಬಾಗಿಲ ಕಡೆಯ ಕಾಲು ಪೂರ್ತಿ ಆ ಗಚ್ಚಿನಲ್ಲೇ ಏರಿತು.

ಕೆಲವು ವಾರಗಳ ಮೇಲೆ ಸೆಂಟ್ರಿಂಗಿನ ಬೆಣೆಗಳನ್ನು ದಿನಕ್ಕಿಷ್ಟು ಎಂದು ಸಡಿಲಿಸಿದ. ದೇವರ ಮೇಜಿನ ಕಡೆಯ ಕಾಲು, ಒಳ್ಳೆಯ ಸುಣ್ಣದ್ದು, ನೂಲಿನಷ್ಟು ಇಳಿದು ಕೂತಿತು. ಬಾಗಿಲ ಕಡೆಯದು ಇಳಿಯಲು ಒಪ್ಪಲಿಲ್ಲ. ಮೂರನೆಯ ದಿನ ಹಲಗೆ ಮುರಿದಂಥ ಸದ್ದು ಬಂತು. ಎಲ್ಲರೂ ಹೊರಗೆ ಓಡಿದೆವು. ಎಲುಬು ಪಕ್ಕೆಯಲ್ಲಿ ಬಾಯಿ ಬಿಟ್ಟು, ನೆತ್ತಿಯ ಕಲ್ಲುಗಳು ಸೆಂಟ್ರಿಂಗನ್ನೂ ಎಳೆದುಕೊಂಡು ಬಿದ್ದವು. ಯಾರಿಗೂ ಪೆಟ್ಟಾಗಲಿಲ್ಲ.

ನೋಡಲು ಬಂದ ಮೇಸ್ತ್ರಿಯೊಬ್ಬ, "ಕಲ್ಲಿನ ಮೂಲೆ ತಪ್ಪು ಹೊಡದಾನ. ಚಿತ್ರಾ ನೋಡಿ ಮನಿ ಕಟ್ಟಾಕ ಆಗ್ತದೇನು?" ಅಂದ. ತಮ್ಮ ಹೋಗಿ ತನ್ನ ಅಚ್ಚು ತಂದ. ಬಿದ್ದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ತಗಡಿನ ಅಚ್ಚಿಗೆ ಹಿಡಿದು ನೋಡುತ್ತಾ ಎರಡು ದಿನ ಅಲ್ಲೇ ಕೂತ. ಎಲ್ಲವೂ ಹೊಂದುತ್ತಿದ್ದವು. ತಪ್ಪು ಎಲ್ಲೆಂದು ಸಿಗದೆ, ಹೊಂದಿದಷ್ಟೂ ಅವನ ಮುಖ ಕಂದುತ್ತಿತ್ತು. ನಾನು ನೀರು ಕೊಟ್ಟೆ, ಬುತ್ತಿ ಕೊಟ್ಟೆ, ನಿಜ ಹೇಳಲಿಲ್ಲ. ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಫಾದರ್ ಬೇಸರದಿಂದಲೇ ಕಾಂಕ್ರೀಟ್ ಸ್ಲ್ಯಾಬ್ ಹಾಕಿಸಿದರು. ಜಹೀರಾಬಾದಿನ ಅಡ್ಡಾದಲ್ಲಿ, ಬೆಳಿಗ್ಗೆ ಮೇಸ್ತ್ರಿಗಳು ಕೆಲಸ ಕಾಯುತ್ತಾ ಕೂರುವ ಜಾಗದಲ್ಲಿ, ತಮ್ಮನಿಗೆ 'ಬಿದ್ದ ಕಮಾನು' ಎಂದು ಹೆಸರಾಯಿತು. ಅವನು ಉಳಿ ಸುತ್ತಿಗೆ ಮಾರಿ, ನಾರಾಯಣಖೇಡದ ಹತ್ತಿರ ಹೆಂಡತಿಯ ಊರಿಗೆ ಹೋಗಿ ಕುರಿ ಕಟ್ಟಿದ. ನನ್ನನ್ನೂ ಕರೆದ. ಅವನ ಮನೆಯಲ್ಲಿ ಅವನ ಅನ್ನ ಉಣ್ಣಲು ನನಗೆ ಧೈರ್ಯವಾಗಲಿಲ್ಲ, ತಾಂಡೂರಿಗೆ ಬಂದೆ.

ಈ ವರ್ಷ ಬೇಸಿಗೆಯಲ್ಲಿ ತಮ್ಮನ ಊರಿಗೆ ಹೋದೆ. ಅವನು ಹಟ್ಟಿಯಲ್ಲಿ ಕುರಿಯ ಉಣ್ಣೆ ಕತ್ತರಿಸುತ್ತಿದ್ದ. ನಿಂತಲ್ಲೇ ಎಲ್ಲ ಹೇಳಿದೆ. ಕತ್ತರಿ ನಿಂತಿತು.

"ಯಾವ ಕಾಲು?"

"ಬಾಗಿಲ ಕಡೀದು."

"ಪೂರಾ?"

"ಪೂರಾ."

ಕುರಿ ಕೊಸರಾಡಿತು. ಅದನ್ನು ಮೊಣಕಾಲಿನಿಂದ ಒತ್ತಿಹಿಡಿದು, ಉಳಿದ ಅರ್ಧ ಮೈಯ ಉಣ್ಣೆಯನ್ನೂ ಕತ್ತರಿಸಿ ಮುಗಿಸಿದ. ಆಮೇಲೆ ಹೇಳಿದ: "ಆರು ವರ್ಷ ನನ್ನ ಕೈ ನಾನೇ ನೋಡ್ಕೋತ ಕುಂತೀನಿ, ಅಕ್ಕಾ."

ನಾನು ಅತ್ತುಬಿಟ್ಟೆ. ಅವನು ಸಮಾಧಾನ ಮಾಡಲಿಲ್ಲ. "ನನಗ ಹೇಳಿದ್ರ ಏನಾತು? ನನಗ ಹೆಸರಿಟ್ಟವರು ಅಡ್ಡಾದಾಗ ಕುಂತಾರ," ಅಂದ. ಊಟಕ್ಕೆ ಅವನ ಹೆಂಡತಿ ಕರೆದಳು. ಅವನು ಬಂದು ಪಕ್ಕದಲ್ಲಿ ಕೂರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಜಹೀರಾಬಾದಿಗೆ ಬಂದೆ. ಅಡ್ಡಾದಲ್ಲಿ ಹತ್ತು ಹನ್ನೆರಡು ಮಂದಿ ಚಹಾ ಕುಡಿಯುತ್ತಿದ್ದರು. ಗುರುತಿನವರಿದ್ದರು. ಅವರ ನಡುವೆ ಹೋಗಿ ಹೇಳಿದೆ. ಗುಂಡಿ ಒಣಗಿದ್ದು, ಸಿಮೆಂಟು, ಸುರ್ಕಿ, ಎಲ್ಲ.

"ಇಷ್ಟು ವರ್ಷ ಬಾಯಾಗ ಏನಿಟ್ಕೊಂಡಿದ್ದಿ?" ಅಂದ ಒಬ್ಬ.

"ಒಂದು ಕಾಲು ಸುಣ್ಣ, ಒಂದು ಕಾಲು ಸಿಮೆಂಟು. ಯಾರು ಕಟ್ಟಿದ್ರೂ ಬೀಳ್ತಿತ್ತು," ಅಂದ ಅವರಲ್ಲಿ ಹಿರಿಯ ಮೇಸ್ತ್ರಿ. ಕಮಾನು ಬಿದ್ದಾಗ 'ಕಲ್ಲಿನ ಮೂಲೆ ತಪ್ಪು ಹೊಡದಾನ' ಎಂದವನು ಅವನೇ. ಚಹಾದ ಲೋಟ ಕೆಳಗಿಟ್ಟು ಮತ್ತೆ ಅದನ್ನೇ ಮೆಲ್ಲಗೆ ಹೇಳಿದ: "ಯಾರು ಕಟ್ಟಿದ್ರೂ."

ಬಸ್ ನಿಲ್ದಾಣದಿಂದ ತಮ್ಮನಿಗೆ ಫೋನು ಮಾಡಿದೆ.

"ಹೇಳಿ ಬಂದೆ," ಅಂದೆ.

ಕುರಿಗಳ ದನಿ ದೂರವಾಯಿತು, ಅವನು ಹಟ್ಟಿಯ ಹೊರಗೆ ನಡೆದು ಬಂದಿದ್ದ. ಆಮೇಲೆ ಕೇಳಿದ: "ಯಾರ್ಯಾರು ಇದ್ರು?"

ಅಲ್ಲಿದ್ದ ಒಬ್ಬೊಬ್ಬರ ಹೆಸರೂ ಹೇಳಿದೆ. ಹೆಸರು ಗೊತ್ತಿಲ್ಲದವರ ಗುರುತು ಹೇಳಿದೆ. ಹಿರಿಯ ಮೇಸ್ತ್ರಿ ಅಂದ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡ.

"ಆತು," ಅಂದ. ಫೋನು ಇಟ್ಟ. ಮನೆಗೆ ಬಾ ಅನ್ನಲಿಲ್ಲ. ನಾನು ತಾಂಡೂರಿನ ಬಸ್ಸು ಹತ್ತಿದೆ.