ಎಣ್ಣೆ ಹತ್ತಿದ ಕಿವಿ

ಅವರ ಬಲಗಿವಿ ಕಪ್ಪಗಿತ್ತು. ಹುಟ್ಟಿನಿಂದ ಬಂದ ಕಪ್ಪಲ್ಲ, ಮಿಷನ್ ಎಣ್ಣೆಯದು. ಎಡಗಿವಿ ಗೋಧಿಬಣ್ಣ, ಬಲಗಿವಿ ದೋಸೆಯ ಹಂಚು. ಶುಕ್ರವಾರದ ನಮಾಜಿಗೆ ಮೊದಲು ಹೆಂಡತಿ ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ಕಳಿಸುತ್ತಿದ್ದರಂತೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ಬಣ್ಣ. ಹೊಲಿಗೆ ಮಿಷನ್ ಕೆಟ್ಟಿದೆ ಎಂದು ಯಾರಾದರೂ ಕರೆದರೆ ಅವರು ಮೊದಲು ಹತಾರದ ಚೀಲಕ್ಕೆ ಕೈ ಹಾಕುತ್ತಿರಲಿಲ್ಲ. ಚಕ್ಕಳಮಕ್ಕಳ ಹಾಕಿ ಕೂತು, ಟೋಪಿ ಸರಿಸಿ, ಮಿಷನ್ನಿನ ಮೈಗೆ ಬಲಗಿವಿ ಒತ್ತಿ, "ತಿರುಗಿಸ್ರಿ ನೋಡೋಣ, ಮೆಲ್ಲಗೆ" ಅನ್ನುತ್ತಿದ್ದರು. ಕಣ್ಣು ಮುಚ್ಚಿ ಒಂದು ಗಳಿಗೆ ಕೇಳಿ, "ಹೊಟ್ಟೇಲಿ ದಾರ ಸಿಕ್ಕೈತೆ" ಎಂದೋ, "ಹಲ್ಲು ಸವೆದೈತೆ" ಎಂದೋ ಹೇಳುತ್ತಿದ್ದರು. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ನಾನು ಅವರನ್ನು ಮಿಸ್ತ್ರಿ ಎಂದು ಕರೆಯುತ್ತಿದ್ದೆ. ಎಲ್ಲರೂ ಹಾಗೇ ಕರೆಯುತ್ತಿದ್ದರು.

ನಾನು ಆಗ ಚನ್ನಗಿರಿಯಲ್ಲಿ ಒಂದು ವಿಲಾಯತಿ ಹೊಲಿಗೆ ಮಿಷನ್ ಕಂಪನಿಯ ಶಾಖೆಯಲ್ಲಿ ಗುಮಾಸ್ತ. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ಕೈ ತೊಳೆದುಕೊಳ್ಳಬೇಕಾಗುತ್ತದೆ. ಲೋಕದ ಮೂಲೆಮೂಲೆಯಲ್ಲೂ ಅದರ ಶಾಖೆಗಳಿದ್ದವು. ನಮ್ಮ ಗೋಡೆಯ ಮೇಲೆ ಭೂಪಟವೊಂದನ್ನು ನೇತುಹಾಕಿದ್ದರು, ಶಾಖೆಯಿದ್ದ ಕಡೆಯೆಲ್ಲ ಕೆಂಪು ಚುಕ್ಕೆ. ಕೆಳಗೆ, "ನಾವೆಲ್ಲ ಒಂದೇ ಮನೆಯವರು" ಎಂದು ಇಂಗ್ಲಿಷಿನಲ್ಲಿ ದಪ್ಪಕ್ಷರ. ಅಯ್ಯೋ ಆ ಮನೆಯೇ! ಜಗಲಿಯ ಮೇಲಿನ ಚಪ್ಪಲಿಗೆ ಸಿಗುವ ಮರ್ಯಾದೆ ಕೆಲವರಿಗೆ ಆ ಮನೆಯಲ್ಲಿ ಸಿಗಲಿಲ್ಲ.

ಮಿಸ್ತ್ರಿ ಆ ಮನೆಯ ಪುಸ್ತಕದಲ್ಲೇ ಇರಲಿಲ್ಲ. ನಾನು ಸೇರುವುದಕ್ಕೂ ಮೊದಲಿನಿಂದ ಅವರು ಅಲ್ಲಿ ದುಡಿಯುತ್ತಿದ್ದರು, ಆದರೆ ಕಂಪನಿಯ ಲೆಕ್ಕದಲ್ಲಿ ಹೊರಗಿನ ಕೆಲಸದವರು. ಮನೆ ಹೊನ್ನಾಳಿಯಲ್ಲಿ, ಹೊಳೆಯ ಕಡೆ. ಸೈಕಲ್ಲಿಗೆ ಚೀಲ ಕಟ್ಟಿಕೊಂಡು ನಲ್ಲೂರು, ಬಸವಾಪಟ್ಟಣ, ನ್ಯಾಮತಿ, ಗೋವಿನಕೋವಿ ಸುತ್ತುವರು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಜಗಳೂರಿಗೂ ಹೋಗುವರು. ಎಷ್ಟೋ ಸಲ ನಾನೂ ಜತೆಗೆ ಹೋಗುತ್ತಿದ್ದೆ, ಗಿರಾಕಿಗಳ ಸಹಿ ಹಾಕಿಸಿಕೊಳ್ಳಲು. ಮಿಷನ್ನಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅವರು ಕಲಿಸಿದ್ದು. ಮನುಷ್ಯರ ಬಗ್ಗೆಯೂ ಸ್ವಲ್ಪ ಕಲಿಸಿದರು, ಅದು ನನಗೆ ಹತ್ತಲಿಲ್ಲ.

ಅವರಿಗೆ ಕೈತುಂಬ ಕೆಲಸ ಬರುತ್ತಿದ್ದುದು ಆಯುಧಪೂಜೆ ಮುಗಿದ ಮೇಲೆ. ನಮ್ಮ ಜನ ಹೊಲಿಗೆ ಮಿಷನ್ನಿಗೂ ಪೂಜೆ ಮಾಡುತ್ತಾರೆ, ಮಾಡಲಿ. ಆದರೆ ಪೂಜೆಯಾದ ಮೇಲೆ ನೈವೇದ್ಯ ಬೇಡವೇ? ಮಿಷನ್ನಿನ ನೆತ್ತಿಯ ಮೇಲೆ ಎಣ್ಣೆ ಬಿಡುವ ಪುಟ್ಟ ತೂತು ಇರುತ್ತದಲ್ಲ, ಅದೇ ಅದರ ಬಾಯಿ ಎಂದು ಹೆಂಗಸರು ತೀರ್ಮಾನ ಮಾಡಿಬಿಟ್ಟಿದ್ದರು. ಬೆಲ್ಲದ ಪಾಯಸದ ಎರಡು ಹನಿ, ಮೇಲೊಂದು ಹನಿ ತುಪ್ಪ, ಸುತ್ತ ಕುಂಕುಮ. ಮರುದಿನ ಚಕ್ರ ತಿರುಗುತ್ತಿರಲಿಲ್ಲ. ಹೊನ್ನಾಳಿಯಿಂದ ಜಗಳೂರಿನವರೆಗೆ ಒಂದೇ ಗೋಳು. ಮಿಸ್ತ್ರಿ ಸೀಮೆಎಣ್ಣೆಯ ಕುಪ್ಪಿ, ಕೋಳಿಪುಕ್ಕ ಹಿಡಿದು ಹೊರಡುವರು. ಒಬ್ಬರನ್ನೂ ಬಯ್ಯುತ್ತಿರಲಿಲ್ಲ. ಕಿವಿ ಇಟ್ಟು ಕೇಳಿ, "ಏನಿಲ್ಲ ಕಣಮ್ಮ, ಪ್ರೀತಿಯಿಂದ ಉಣ್ಸೀರಿ, ಜೀರ್ಣ ಆಗಿಲ್ಲ ಅಷ್ಟೆ" ಅನ್ನುವರು. ಪುಕ್ಕದಿಂದ ಬೆಲ್ಲ ತೆಗೆದು, ಕುಂಕುಮವನ್ನು ಒಂದು ಎಲೆಯ ಮೇಲೆ ಬಿಡಿಸಿಟ್ಟು, ಆ ಮನೆಯವರ ಕೈಗೇ ಕೊಡುವರು. "ಇದನ್ನ ತುಳಿಯೋ ಜಾಗಕ್ಕೆ ಹಾಕಬ್ಯಾಡ್ರಿ. ಬರೋ ವರ್ಷ ಚಕ್ರಕ್ಕೆ ಹಚ್ರಿ. ಬಾಯಿಗೆ ಎಣ್ಣೆ ಬಿಟ್ರೆ ಇನ್ನೇನೂ ಬ್ಯಾಡ." ಬರುವ ವರ್ಷ ಮತ್ತೆ ಪಾಯಸವೇ. ಅವರು ಮತ್ತೆ ಪುಕ್ಕ ತೆಗೆಯುವರು.

ನಾನು ಸೇರಿ ಎರಡು ಮೂರು ವರ್ಷವಾಗಿತ್ತು. ಮದರಾಸಿನ ದೊಡ್ಡ ಸಾಹೇಬ ಕೆಲಸ ಬಿಟ್ಟು ತನ್ನ ದೇಶಕ್ಕೆ ಹೊರಟ. ಕಂಪನಿಯಲ್ಲೊಂದು ಪದ್ಧತಿ ಇತ್ತು. ದೊಡ್ಡವರು ಬಿಟ್ಟುಹೋಗುವಾಗ ಬೇರೆ ಬೇರೆ ದೇಶಗಳ ಶಾಖೆಗಳಿಂದ ಒಂದೊಂದು ಹಾಳೆ ಬರೆದು ಕಳಿಸಬೇಕು, ಅವರ ಬಗ್ಗೆ ಸವಿನೆನಪು. ಎಲ್ಲ ಸೇರಿಸಿ ಚರ್ಮದ ರಟ್ಟು ಹಾಕಿ ಕೊಡುತ್ತಿದ್ದರು. ಚನ್ನಗಿರಿಯಿಂದಲೂ ಒಂದು ಬೇಕೆಂದು ಹುಕುಂ ಬಂತು. ನನ್ನ ಅಕ್ಷರ ದುಂಡಗಿತ್ತು, ಇಂಗ್ಲಿಷ್ ಬರುತ್ತಿತ್ತು. ಮ್ಯಾನೇಜರು ಅದನ್ನು ನನ್ನ ತಲೆಗೆ ಕಟ್ಟಿದರು.

ಆ ಸಾಹೇಬ ನಮ್ಮೂರಿಗೆ ಬಂದದ್ದು ಒಂದೇ ಸಲ. ಧೂಳೆಂದು ಕಾರಿನಿಂದ ಇಳಿಯಲಿಲ್ಲ. ಕಿಟಕಿಯಿಂದಲೇ ಬೋರ್ಡು ನೋಡಿ, ವಕ್ರವಾಗಿದೆ ಎಂದು ಹೇಳಿ ಹೋದ. ಇವನ ಬಗ್ಗೆ ಏನು ಸವಿನೆನಪು ಬರೆಯುವುದು, ಮಣ್ಣು? ಎರಡು ದಿನ ಹಾಳೆಯನ್ನೇ ನೋಡುತ್ತ ಕೂತೆ. ಮೂರನೆಯ ದಿನ ನನಗೊಂದು ಬುದ್ಧಿ ಹೊಳೆಯಿತು. ದರಿದ್ರ ಬುದ್ಧಿ. ಮಿಸ್ತ್ರಿಯನ್ನು ನೆನೆದು ಬರೆದೆ, ಸಾಹೇಬನ ಹೆಸರು ಹಾಕಿದೆ. "ತಾವು ಯಂತ್ರಕ್ಕೆ ಕಿವಿ ಒತ್ತಿ, ಕಣ್ಣು ಮುಚ್ಚಿ, ಅದರ ನೋವನ್ನು ಕೇಳುತ್ತಿದ್ದಿರಿ. ತಮ್ಮ ಬಲಗಿವಿಗೆ ಹತ್ತಿದ ಎಣ್ಣೆ ನಮಗೆ ಪಾಠವಾಗಿತ್ತು. ತಪ್ಪು ಮಾಡಿದವರನ್ನು ತಾವು ಎಂದೂ ಗದರಲಿಲ್ಲ." ಹೀಗೆಯೇ ಒಂದು ಹಾಳೆ ತುಂಬ.

ಅಷ್ಟು ಸಾಲದೆಂದು ಅದನ್ನು ಮಿಸ್ತ್ರಿಗೇ ಕನ್ನಡದಲ್ಲಿ ಓದಿ ಹೇಳಿದೆ. ಅವರು ಬಾಬಿನ್ ಒರೆಸುತ್ತ ಕೇಳಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಗುಮಾಸ್ತರೆ, ಇದು ಯಾರ ಕಿವೀರಿ? ಆ ಪುಣ್ಯಾತ್ಮ ಕಾರಿಂದ ಇಳೀಲೇ ಇಲ್ಲ!"

"ಏನ್ ಮಾಡ್ಲಿ ಮಿಸ್ತ್ರಿ, ಬರೀಲೇಬೇಕು."

"ಬರೀರಿ, ಬರೀರಿ. ನನ್ನ ಕಿವಿ ಹಡಗು ಹತ್ತಿ ಹೋಗ್ಲಿ ಬಿಡ್ರಿ." ನಗು ನಿಂತ ಮೇಲೆ ಬಾಬಿನ್ ಕೆಳಗಿಟ್ಟರು. "ಆದ್ರೆ ನಾನು ಕೆಲಸ ಬಿಡೋವಾಗ ನಂಗೂ ಒಂದು ಹಾಳೆ ಬರ್ಕೊಡ್ರಿ. ಇಂಗ್ಲಿಷಿಂದು ಬ್ಯಾಡ, ಕನ್ನಡದ್ದೇ ಸಾಕು. ಇವನು ಕಂಪನೀಲಿ ಕೆಲಸ ಮಾಡ್ದ ಅಂತ ಇರಬೇಕು. ನಮ್ಮ ಮಾವನ ಕಡೆಯೋರು ಇವತ್ತಿಗೂ ನಂಬಲ್ಲ. ಇವನಿಗೆ ಕಂಪನಿನೂ ಇಲ್ಲ, ಕೆಲಸನೂ ಇಲ್ಲ, ಊರೂರು ಅಲೆಯೋನು ಅಂತಾರೆ. ನಮ್ಮ ಮನೆಯವಳು ಕೇಳಿ ಕೇಳಿ ಸೊರಗ್ಯಾಳೆ."

"ಖಂಡಿತ ಬರ್ಕೊಡ್ತೀನಿ" ಅಂದೆ. ನಾಲಿಗೆಗೆ ಮೂಳೆ ಇಲ್ಲ ನೋಡಿ, ಸಲೀಸಾಗಿ ಆಡಿಬಿಟ್ಟೆ.

ಯುದ್ಧದ ಕಾಲ ಬಂತು. ಇದ್ದಲಿನ ಹೊಗೆಯ ಬಸ್ಸುಗಳು ಏದುಸಿರು ಬಿಟ್ಟುಕೊಂಡು ಓಡುತ್ತಿದ್ದ ದಿನಗಳು. ಒಂದು ವರ್ಷ ಆಯುಧಪೂಜೆಯಾದ ವಾರದಲ್ಲೇ ಬೆಂಗಳೂರಿನಿಂದ ಕಂಪನಿಯ ಇನ್‌ಸ್ಪೆಕ್ಟರ್ ಬಂದ. ನಮ್ಮವನೇ, ನಮ್ಮ ಬಣ್ಣದವನೇ, ಬೂಟು ಮಾತ್ರ ಬಿಳಿಯರದು. ಅವನನ್ನು ಜಗಳೂರಿಗೆ ಕರೆದೊಯ್ದೆವು. ಅಲ್ಲಿ ರವಿಕೆ ಹೊಲಿದು ಬದುಕುತ್ತಿದ್ದ ಒಬ್ಬ ವಿಧವೆಯ ಮನೆ. ಕೈಯಲ್ಲಿ ತಿರುಗಿಸುವ ಮಿಷನ್, ನೆಲದ ಮೇಲೆ ಚಾಪೆ ಹಾಸಿ ಇಟ್ಟಿದ್ದಳು. ತನ್ನ ಹಣೆಗಿಲ್ಲದ ಕುಂಕುಮವನ್ನು ಮಗಳ ಕೈಯಿಂದ ಅದಕ್ಕೆ ಇಡಿಸಿದ್ದಳು. ಬಾಯಿಗೆ ಪಾಯಸವೂ ಬಿದ್ದಿತ್ತು, ಚಕ್ರ ಕಚ್ಚಿಕೊಂಡಿತ್ತು. ಮಿಸ್ತ್ರಿ ಕೂತು ಕಿವಿ ಇಡಲು ಬಾಗಿದರು. ಅಷ್ಟರಲ್ಲಿ ಇನ್‌ಸ್ಪೆಕ್ಟರ್ ನಿಂತಲ್ಲಿಂದಲೇ ಬೂಟಿನ ತುದಿಯಿಂದ ಮಿಷನ್ನನ್ನು ತಳ್ಳಿ, "ಏನಿದು ಹೊಲಸು?" ಅಂದ. ಆ ಹೆಂಗಸು ಹಾ ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

ಎರಡನೆಯ ಸಲ ಬೂಟು ಮುಂದೆ ಬಂದಾಗ ನಡುವೆ ಮಿಸ್ತ್ರಿಯ ಅಂಗೈ ಇತ್ತು.

"ಕಾಲು ಹಿಂದಕ್ಕೆ ತಗೊಳ್ರಿ ಸಾಹೇಬ್ರೆ. ನಾನು ನಮಾಜು ಮಾಡೋನು, ಈ ಪೂಜೆ ನಂದಲ್ಲ. ಆದ್ರೆ ಪೂಜೆ ಮಾಡಿದ ಸಾಮಾನಿಗೆ ಬೂಟು ತಾಗಿಸಬಾರದು. ಆಕೆ ಅನ್ನ ಐತೆ ಇದರಾಗೆ."

ಇನ್‌ಸ್ಪೆಕ್ಟರ್ ಅವರ ಕಡೆ ನೋಡಲೂ ಇಲ್ಲ. ನನ್ನ ಕಡೆ ತಿರುಗಿ ಕೇಳಿದ: "ಯಾರಿವನು? ಕಂಪನಿಯವನೇನು?"

ಒಂದೇ ಒಂದು ಮಾತು. ಹೌದು ಸಾರ್, ನಮ್ಮವರು, ನನಗೆ ಕೆಲಸ ಕಲಿಸಿದವರು ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆಗ ಮ್ಯಾನೇಜರ್ ಹುದ್ದೆಗೆ ನನ್ನ ಹೆಸರು ಓಡುತ್ತಿತ್ತು. ನಾನು ಹೇಳಿದೆ: "ಅಲ್ಲ ಸಾರ್. ಹೊರಗಿನವನು."

ಹೊರಗಿನವನು! ಏಕವಚನದಲ್ಲಿ! ಥೂ, ಈಗಲೂ ಆ ಮಾತು ನೆನಪಾದರೆ ಬಾಯಿ ಕಹಿಯಾಗುತ್ತದೆ. ಹಲ್ಲುಜ್ಜಿದರೆ ಹೋಗುವ ಕಹಿಯಲ್ಲ.

"ಹಾಗಾದರೆ ನಾಳೆಯಿಂದ ಇವನನ್ನು ಕರೆಯಬೇಡ" ಎಂದು ಹೇಳಿ ಇನ್‌ಸ್ಪೆಕ್ಟರ್ ಹೊರಗೆ ಹೋದ. ಮಿಸ್ತ್ರಿ ಏನೂ ಆಗಿಲ್ಲವೆಂಬಂತೆ ಕಿವಿ ಇಟ್ಟರು, ಪುಕ್ಕ ತೆಗೆದರು, ಬೆಲ್ಲ ತೆಗೆದರು, ಕುಂಕುಮವನ್ನು ಎಲೆಯ ಮೇಲಿಟ್ಟು ಆ ಹೆಂಗಸಿಗೆ ಕೊಟ್ಟರು. ಮಿಷನ್ ತಿರುಗಿದ ಮೇಲೆಯೇ ಎದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರು. ನಾನು ಕಿಟಕಿ ನೋಡುತ್ತಿದ್ದೆ. ಇಳಿಯುವಾಗ ಬಯ್ಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಗುಮಾಸ್ತರೆ, ಆ ಹಾಳೆ ಮರೀಬ್ಯಾಡ್ರಿ" ಅಂದರು, ಅಷ್ಟೆ.

ಆ ಹಾಳೆಗಾಗಿ ಎರಡು ಸಲ ಶಾಖೆಗೆ ಬಂದರು. ಮೊದಲ ಸಲ, ಹೆಡ್ಡಾಫೀಸಿಗೆ ಕೇಳಬೇಕು ಅಂದೆ. ಎರಡನೆಯ ಸಲ ಬಂದಾಗ ನಾನೇ ಮ್ಯಾನೇಜರಾಗಿದ್ದೆ. ಒಳಗೆ ಕೂತು, ಇಲ್ಲ ಎಂದು ಹೇಳಿಸಿದೆ. ಆಮೇಲೆ ಅವರು ಬರಲಿಲ್ಲ. ಹೊನ್ನಾಳಿ ಸಂತೆಯಲ್ಲಿ ಬೀಗ, ಕೊಡೆ ರಿಪೇರಿ ಮಾಡುತ್ತಾರೆಂದು ಯಾರೋ ಹೇಳಿದರು.

ಸ್ವಾತಂತ್ರ್ಯ ಬಂದ ಮರುವರ್ಷ ನಾನು ಕಂಪನಿ ಬಿಟ್ಟೆ. ಸ್ವಂತಕ್ಕೊಂದು ಬಟ್ಟೆ ಅಂಗಡಿ ಇಡುವ ಮನಸ್ಸಾಗಿತ್ತು. ಹೊರಡುವ ವಾರ ಹೆಡ್ಡಾಫೀಸಿನಿಂದ ದಪ್ಪನೆಯ ಲಕೋಟೆ ಬಂತು. ಶಾಖೆ ನಡೆಸಿದವರಿಗೂ ಈಗ ಸವಿನೆನಪಿನ ಹಾಳೆಗಳು ಬರುತ್ತಿದ್ದವು, ಚರ್ಮದ ರಟ್ಟು ಮಾತ್ರ ಇಲ್ಲ. ಕೊಲಂಬೊ, ಸಿಂಗಪುರ, ಮೊಂಬಾಸಾ, ಇನ್ನೂ ಎರಡು ಮೂರು ಊರು. ಕಂಡು ಕೇಳದ ಜನ. ಮನುಷ್ಯ ಎಂಥ ಪೆದ್ದ ನೋಡಿ, ನನ್ನ ಎದೆ ಉಬ್ಬಿತು. ಬಾಗಿಲು ಹಾಕಿಕೊಂಡು ಓದಲು ಕೂತೆ.

ಮೊಂಬಾಸಾದವನು ಬರೆದಿದ್ದ: "ತಾವು ಯಂತ್ರಕ್ಕೆ ಕಿವಿ ಒತ್ತಿ, ಕಣ್ಣು ಮುಚ್ಚಿ, ಅದರ ನೋವನ್ನು ಕೇಳುತ್ತಿದ್ದಿರಿ." ಸಿಂಗಪುರದವನು ಬರೆದಿದ್ದ: "ತಮ್ಮ ಬಲಗಿವಿಗೆ ಹತ್ತಿದ ಎಣ್ಣೆ ನಮಗೆ ಪಾಠವಾಗಿತ್ತು." ತಪ್ಪು ಮಾಡಿದವರನ್ನು ನಾನು ಎಂದೂ ಗದರಲಿಲ್ಲವಂತೆ! ಎಲ್ಲ ಹಾಳೆಯಲ್ಲೂ ಅದೇ. ಅಂದು ನಾನು ಸಾಹೇಬನಿಗೆ ಬರೆದದ್ದು ಹೆಡ್ಡಾಫೀಸಿನವರಿಗೆ ಎಷ್ಟು ಹಿಡಿಸಿತ್ತೆಂದರೆ, ಅದನ್ನೇ ಮಾದರಿಯೆಂದು ಅಚ್ಚು ಹಾಕಿಸಿ, ಬರೆದ ನಮ್ಮ ಶಾಖೆಯೊಂದನ್ನು ಬಿಟ್ಟು ಎಲ್ಲ ದೇಶಕ್ಕೂ ಹಂಚಿದ್ದರು. ಇಷ್ಟು ವರ್ಷ ಲೋಕದ ತುಂಬ ಯಾರು ಕೆಲಸ ಬಿಟ್ಟರೂ ಮಿಸ್ತ್ರಿಯ ಕಿವಿಯನ್ನೇ ಅಂಟಿಸಿ ಕಳಿಸಿದ್ದರು. ಕೊನೆಗೆ ಅದು ನನ್ನ ಪಾಲಿಗೂ ಬಂದಿತ್ತು. ಎದ್ದುಹೋಗಿ ಹಿತ್ತಲಲ್ಲಿ ನಿಜವಾಗಿಯೂ ಕಾರಿಕೊಂಡೆ.

ಆ ಕಂತೆಯಲ್ಲಿ ನಿಜ ಇದ್ದದ್ದು ಒಂದೇ ಕಡೆ. ಕೊಲಂಬೊದ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು: "ಕ್ಷಮಿಸಿ, ನಿಮ್ಮನ್ನು ನಾನು ಕಂಡವನಲ್ಲ. ಬರೆಯಲು ಹೇಳಿದರು. ಎಲ್ಲಿದ್ದರೂ ಚೆನ್ನಾಗಿರಿ." ಆ ಕಾಣದ ಗುಮಾಸ್ತನ ಹಾಳೆಯೊಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಚ್ಚಲ ಒಲೆಗೆ ಹಾಕಿದೆ.

ಮರುದಿನ ಹೊನ್ನಾಳಿಗೆ ಹೋದೆ. ಮಿಸ್ತ್ರಿ ಇರಲಿಲ್ಲ. ಮಳೆಗಾಲದಲ್ಲಿ ಜ್ವರ ಬಂದು, ಎಂಟೇ ದಿನದಲ್ಲಿ ಮುಗಿದಿತ್ತು. ಬಾಗಿಲಲ್ಲಿ ನಿಂತ ಅವರ ಹೆಂಡತಿಗೆ ನಾನು ಯಾರೆಂದು ಹೇಳಿದೆ. ಆಕೆ ಅಳಲಿಲ್ಲ. "ಹಾಳೆ ತಂದೀರಾ?" ಎಂದು ಕೇಳಿದರು. "ಗುಮಾಸ್ತರು ಕೆಲಸದಾಗೆ ಮುಳುಗ್ಯಾರೆ, ಬಂದೇ ಬರ್ತಾರೆ ಅಂತಿದ್ರು. ಕಡೆ ದಿನಾನೂ ಅಂದ್ರು."

ಜಗಲಿಯ ಮೇಲೆ ಕೂತು ಕಾಗದ ತೆಗೆದೆ. ಬರೆಯಲು ಹೊರಟರೆ ಕೈ ನಿಂತಿತು. ಇಷ್ಟು ವರ್ಷ ಒಟ್ಟಿಗೆ ತಿರುಗಿದ್ದೆ, ಅವರ ಬುತ್ತಿಯ ರೊಟ್ಟಿ ತಿಂದಿದ್ದೆ. ಅವರ ಹೆಸರು ನನಗೆ ಗೊತ್ತಿರಲಿಲ್ಲ.

"ಅಮ್ಮ, ಅವರ ಹೆಸರು..." ಅಂದೆ.

ಆಕೆ ಗಾಬರಿಯಿಂದ ಸೆರಗು ಬಾಯಿಗಿಟ್ಟುಕೊಂಡರು. "ಅಯ್ಯ, ಗಂಡನ ಹೆಸರು ನಾನು ಹೆಂಗ್ ಹೇಳಲಿ?" ಸತ್ತ ಮೇಲೂ ಆಕೆ ಆ ಹೆಸರನ್ನು ಗೌರವದಿಂದ ಹೇಳದೆ ಉಳಿಸಿದ್ದರು. ನಾನು ಒಮ್ಮೆಯೂ ಕೇಳದೆ ಬಿಟ್ಟಿದ್ದೆ. ಎದುರು ಮನೆಯ ಬಳೆಗಾರ ಅಜ್ಜನನ್ನು ಕೂಗಿ ಕರೆದರು. ಆತ ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೆಸರು ಹೇಳಿದ. ಬರೆದುಕೊಂಡೆ.

ಮುಂದೆ ಏನು ಬರೆಯುವುದು? ಕಿವಿ, ಎಣ್ಣೆ, ಗದರದ ಮನಸ್ಸು ಎಲ್ಲ ಎಂಜಲಾಗಿ ಹೋಗಿತ್ತು. ಹತ್ತು ದೇಶದವರು ಬಾಯಿಗೆ ಹಾಕಿಕೊಂಡು ಉಗಿದ ಮಾತನ್ನು ಅವರ ಮನೆಯ ಹೊಸ್ತಿಲಲ್ಲಿ ಹೇಗೆ ಬಡಿಸಲಿ? ಇಷ್ಟೇ ಬರೆದೆ: ಇವರು ನಮ್ಮ ಕಂಪನಿಯಲ್ಲಿ ದುಡಿದವರು. ನನಗೆ ಕೆಲಸ ಕಲಿಸಿದವರು. ಜಗಳೂರಿನಲ್ಲಿ ಒಬ್ಬ ಬಡ ಹೆಂಗಸಿನ ಮಿಷನ್ನಿಗೆ ಬೂಟು ತಾಗದಂತೆ ಕೈ ಅಡ್ಡ ಇಟ್ಟವರು. ಇವರನ್ನು ಹೊರಗಿನವನು ಎಂದು ಸುಳ್ಳು ಹೇಳಿದವನು ನಾನು.

ಆಕೆ ಓದಿಸಿ ಕೇಳಿದರು. ಹಾಳೆಯನ್ನು ಮಡಿಸಿಕೊಳ್ಳುತ್ತ, "ಅವರ ಕಿವಿ ವಿಷಯ ಬರೀಲಿಲ್ವೇನ್ರಿ? ತಿಕ್ಕಿ ತಿಕ್ಕಿ ನನ್ನ ಕೈ ಸೋತಿತ್ತು" ಅಂದರು.

"ಅದನ್ನ ಆವಾಗಲೇ ಬೇರೆಯವರಿಗೆ ಕೊಟ್ಟುಬಿಟ್ಟೆ ಅಮ್ಮ."

"ಕೊಟ್ಟಿದ್ದನ್ನ ವಾಪಸ್ ಕೇಳಾಕೆ ಬರಲ್ವ?" ಅಂದರು ಆಕೆ.

ಅವರ ಹೆಸರು ಆ ಹಾಳೆಯಲ್ಲಿದೆ, ಹಾಳೆ ಅವರ ಮನೆಯಲ್ಲಿದೆ, ಅದು ಅಲ್ಲೇ ಇರಲಿ. ಈಗ ಇದೆಲ್ಲ ಬರೆದದ್ದು ಕೊಟ್ಟಿದ್ದನ್ನು ವಾಪಸ್ ಕೇಳಲಿಕ್ಕೆ. ಆ ಕಿವಿ ಸಾಹೇಬನದಲ್ಲ, ನನ್ನದಂತೂ ಅಲ್ಲವೇ ಅಲ್ಲ. ಹೊನ್ನಾಳಿಯ ಮಿಸ್ತ್ರಿಯದು.