ಸದ್ದಿಲ್ಲದ ಜನರೇಟರಿನ ಕ್ಯಾಪ್ಟನ್

ದೋಣಿ ಅಂಗಡಿಯವನು ಅವರಿಗೆ ಕ್ಯಾಪ್ಟನ್ ಎಂದು ಹೆಸರಿಟ್ಟಿದ್ದಾನೆ. ಈ ಕ್ಯಾಪ್ಟನ್ ಸಾಹೇಬರಿಗೆ ಸ್ವಂತದ್ದೆಂದು ಒಂದು ಹುಟ್ಟುಗೋಲೂ ಇಲ್ಲ. ಪತ್ರಿಕೆಯೊಂದರಲ್ಲಿ ಕರಡು ತಿದ್ದಿ ನಿವೃತ್ತರಾದ ಅವರು ಪ್ರತಿ ಶನಿವಾರ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೇ ಹಾಜರು. ಚಪ್ಪಲಿ ಕಳಚಿ, ಅಂಗಳದಲ್ಲಿ ನಿಂತ ಪುಟ್ಟ ಹಾಯಿದೋಣಿಗಳನ್ನು ಒಂದೊಂದಾಗಿ ಹತ್ತಿ, ಒಳಗಿನ ಮಂಚದ ಮೇಲೆ ಕಾಲು ಚಾಚಿ, "ಹದಿನೆಂಟಡಿದು ನೋಡೋಕೆ ಲಕ್ಷಣವಾಗಿದೆ, ಆದ್ರೆ ಎದ್ದು ಕೂತ್ರೆ ತಲೆಗೆ ಬಡಿಯುತ್ತೆ. ಇಪ್ಪತ್ತಡಿದೇ ವಾಸಿ" ಎಂದು ತೀರ್ಪು ಕೊಡುತ್ತಾರೆ, ಮುಂದಿನ ವಾರ ಅದೇ ತೀರ್ಪನ್ನು ತಿರುವಿ ಹಾಕುತ್ತಾರೆ. ಬೆಲೆಪಟ್ಟಿ ಕೈಗೆ ಸಿಕ್ಕರೆ ಅದರ ಕಾಗುಣಿತವನ್ನು ಕೆಂಪು ಪೆನ್ನಿನಲ್ಲಿ ತಿದ್ದದೆ ಕೆಳಗಿಡುವವರಲ್ಲ. ಆಮೇಲೆ ಜನರೇಟರುಗಳ ಸರದಿ. ಕೈಯಲ್ಲಿ ಎತ್ತಿಕೊಂಡು ಹೋಗುವಷ್ಟು ಚಿಕ್ಕವನ್ನೆಲ್ಲ ದೋಣಿಯ ಹಿಂಬದಿಗೆ ಇಡಿಸಿ, ಒಂದೊಂದನ್ನೇ ಚಾಲೂ ಮಾಡಿಸಿ, ತಾವು ಒಳಗೆ ಹೋಗಿ ಕಣ್ಣು ಮುಚ್ಚಿ ಮಲಗುತ್ತಾರೆ. "ಊಹೂಂ, ಇದು ಗೊರಕೆ ಹೊಡೆಯುತ್ತೆ ಕಣಯ್ಯಾ." ಒಂದು ಬಲ್ಬು, ಒಂದು ಫ್ಯಾನಿಗೆ ಇಷ್ಟೆಲ್ಲ ರಾದ್ಧಾಂತವೇ ಎಂದು ಅಂಗಡಿಯವನು ಹಣೆ ಚಚ್ಚಿಕೊಳ್ಳುತ್ತಾನೆ. ಕಳೆದ ಶನಿವಾರ ಅವನ ತಾಳ್ಮೆ ಕೆಟ್ಟೇಹೋಯಿತು. "ಸಾರ್, ಇದಕ್ಕಿಂತ ಸದ್ದು ಕಡಿಮೆ ಇರೋದು ಪ್ರಪಂಚದಲ್ಲೇ ಇಲ್ಲ. ನೀರಿನ ಮಧ್ಯೆ ಸದ್ದಾದ್ರೆ ಯಾರಿಗೆ ತೊಂದ್ರೆ?" ದೋಣಿಯೊಳಗೆ ಮಲಗಿದ್ದ ಕ್ಯಾಪ್ಟನ್ ತಟ್ಟನೆ ಎದ್ದು ಕೂತು, ಸೂರಿಗೆ ತಲೆ ಬಡಿಸಿಕೊಂಡು, ಜೇಬಿನಿಂದ ಮಡಚಿದ ಚೀಟಿ ತೆಗೆದರು. ಮನೆಯಲ್ಲಿರುವ ಆಕ್ಸಿಜನ್ ಮಷೀನಿಗೆ ಎಷ್ಟು ಕರೆಂಟು ಬೇಕೆಂದು ಅದರಲ್ಲಿ ಬರೆದಿತ್ತು. "ನಮ್ಮವಳಿಗೆ ಒಂದೇ ಒಂದು ದಿನ ನೀರಿನ ಮೇಲೆ ಮಲಗ್ಬೇಕಂತೆ. ಮಷೀನು ಓಡ್ಬೇಕು, ಸರಿ. ಆದ್ರೆ ಪಕ್ಕದಲ್ಲಿ ಮಲಗಿರೋ ನಂಗೆ ಅವಳ ಉಸಿರು ಕೇಳಿಸ್ತಾ ಇರ್ಬೇಕಲ್ಲಪ್ಪಾ."